'ದ ಕ್ರೋ' (1994): ಉಳಿಸಿದ್ದು ಸಾವಿನ ಸುದ್ದಿಯೋ, ಹಾಡುಗಳೋ?

ಕಪ್ಪುಹಲಗೆ:

ಕೊಲೆಯಾದ ಎರಿಕ್ ಕಾಗೆಯೊಂದರ ಜೊತೆ ಸಮಾಧಿಯಿಂದ ಎದ್ದು ಬಂದು, ತನ್ನನ್ನೂ ಪ್ರೇಯಸಿ ಶೆಲ್ಲಿಯನ್ನೂ ಕೊಂದವರ ಮೇಲೆ ಸೇಡು ತೀರಿಸಿಕೊಳ್ಳುವ ಹಾಲಿವುಡ್ ಸಿನಿಮಾ 'ದ ಕ್ರೋ'. ಅದರ ಹೆಸರು ಅಂದ ತಕ್ಷಣ ಮಾತು ನಾಯಕ ನಟ ಬ್ರಾಂಡನ್ ಲೀ ಸಾವಿನ ಕಡೆ ತಿರುಗುತ್ತದೆ. ತಿರುಗಲಿ. ಆದರೆ ಅಲ್ಲೇ ನಿಂತುಬಿಡುತ್ತದಲ್ಲ, ಅದಕ್ಕೆ ನನ್ನ ತಕರಾರು. "ಹೀರೋ ಶೂಟಿಂಗ್‌ನಲ್ಲೇ ತೀರಿಕೊಂಡ, ಅದಕ್ಕೇ ಜನ ಮುಗಿಬಿದ್ದು ನೋಡಿದರು" ಅಂತ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಮೊದಲ ವಾರ ಜನ ಅದಕ್ಕೇ ಬಂದಿರಬಹುದು. ಮೂವತ್ತು ವರ್ಷ ಆದಮೇಲೂ ಯಾಕೆ ಬರುತ್ತಿದ್ದಾರೆ? ಹಾಡುಗಳಿಂದ ಅನ್ನುವುದು ನನ್ನ ವಾದ.

ಹಾಡಿನ ಆಲ್ಬಮ್ ಹೊರಬಂದದ್ದು 1994ರ ಮಾರ್ಚ್ 29ಕ್ಕೆ. ಸಿನಿಮಾ ಬಂದದ್ದು ಮೇ 13ಕ್ಕೆ. ಒಂದೂವರೆ ತಿಂಗಳು ಮೊದಲೇ ಜನ ಹಾಡು ಕೇಳಿಕೊಂಡು ಕೂತಿದ್ದರು. 14 ಹಾಡು, 14 ಬೇರೆ ಬೇರೆ ಹೆಸರು. ಅಮೆರಿಕದ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ. ಅಮೆರಿಕದಲ್ಲಿ ಮೂರು ಪ್ಲಾಟಿನಂ, ಅಂದರೆ 30 ಲಕ್ಷ ಪ್ರತಿ.

ಇದು ಯಾರೋ ಕಂಪನಿಯವರು ಮೇಲಿಂದ ಅಂಟಿಸಿದ ಹಾಡುಗಳ ಗುಚ್ಛ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಸಿನಿಮಾಕ್ಕೆ ಮೂಲವಾದ ಕಾಮಿಕ್ಸೇ ಹಾಡು ಕೇಳಿ ಹುಟ್ಟಿದ್ದು. ಅದನ್ನು ಬರೆದ ಜೇಮ್ಸ್ ಓಬಾರ್ ಡೆಟ್ರಾಯಿಟ್‌ನವರು. ಅನಾಥ ಹುಡುಗ. 1978ರಲ್ಲಿ ಅವರು ಮದುವೆಯಾಗಬೇಕಿದ್ದ ಹುಡುಗಿ, ಕುಡಿದು ಗಾಡಿ ಓಡಿಸುತ್ತಿದ್ದವನೊಬ್ಬನಿಗೆ ಬಲಿಯಾದಳು. ತಡೆದುಕೊಳ್ಳಲಾಗದೆ ಮರೀನ್ ಪಡೆ ಸೇರಿದರು. 1981ರಲ್ಲಿ ಬರ್ಲಿನ್‌ನಲ್ಲಿದ್ದಾಗ ಈ ಕಥೆಯ ಚಿತ್ರಗಳನ್ನು ಬರೆಯಲು ಶುರು ಮಾಡಿದರು. ಇಪ್ಪತ್ತು ಡಾಲರ್ ಉಂಗುರಕ್ಕಾಗಿ ಜೋಡಿಯೊಂದನ್ನು ಕೊಂದ ಡೆಟ್ರಾಯಿಟ್‌ನ ಸುದ್ದಿಯೊಂದು ಅದಕ್ಕೆ ಸೇರಿಕೊಂಡಿತು. ಪುಸ್ತಕವಾಗಿ ಬಂದದ್ದು 1989ರಲ್ಲಿ, ಕ್ಯಾಲಿಬರ್ ಅನ್ನುವ ಸಣ್ಣ ಪ್ರಕಾಶನದಿಂದ. ಪೂರ್ತಿ ಕಪ್ಪು ಬಿಳುಪು.

ಆ ಪುಟಗಳಲ್ಲಿ ಜಾಯ್ ಡಿವಿಷನ್ ಬ್ಯಾಂಡ್ ಎಲ್ಲೆಲ್ಲೂ ಇದೆ. ಪೊಲೀಸನ ಹೆಸರು ಆಲ್ಬ್ರೆಕ್ಟ್, ಇನ್ನೊಬ್ಬ ಕ್ಯಾಪ್ಟನ್ ಹುಕ್. ಬ್ಯಾಂಡಿನ ಗಿಟಾರ್ ವಾದಕ ಬರ್ನಾರ್ಡ್ ಆಲ್ಬ್ರೆಕ್ಟ್, ಬೇಸ್ ವಾದಕ ಪೀಟರ್ ಹುಕ್. ದ ಕ್ಯೂರ್ ಬ್ಯಾಂಡಿನ 'ದ ಹ್ಯಾಂಗಿಂಗ್ ಗಾರ್ಡನ್' ಹಾಡಿನ ಸಾಲುಗಳೂ ಪುಸ್ತಕದಲ್ಲಿ ಅಚ್ಚಾಗಿವೆ. ಇಂಥ ಪುಸ್ತಕವನ್ನು ಹಾಡಿಲ್ಲದೆ ಸಿನಿಮಾ ಮಾಡುವುದು ಹೇಗೆ, ಹೇಳಿ?

ಸೌಂಡ್‌ಚೆಕ್:

ಕಪ್ಪುಹಲಗೆ ಸಾರ್, ಮುಖ್ಯವಾದದ್ದನ್ನೇ ಬಿಟ್ಟಿರಿ. ಚಿತ್ರತಂಡ ಮೊದಲು 'ಹ್ಯಾಂಗಿಂಗ್ ಗಾರ್ಡನ್' ಹಾಡನ್ನೇ ಬಳಸಬೇಕು ಅಂತಿತ್ತು. ದ ಕ್ಯೂರ್‌ನ ಗಾಯಕ ರಾಬರ್ಟ್ ಸ್ಮಿತ್ ಕಾಮಿಕ್ಸ್ ಮೆಚ್ಚಿಕೊಂಡು ಹೊಸದೇ ಬರೆದುಕೊಟ್ಟರು. ಅದೇ 'ಬರ್ನ್'. ಆ ಹೊತ್ತಿಗೆ ಬ್ಯಾಂಡ್ ಒಡೆದು ಹೋಗುತ್ತಿತ್ತು. ಹಾಗಾಗಿ ರೆಕಾರ್ಡಿಂಗ್‌ನಲ್ಲಿ ಇದ್ದದ್ದು ಸ್ಮಿತ್ ಮತ್ತು ಡ್ರಮ್ಮರ್ ಬೋರಿಸ್ ವಿಲಿಯಮ್ಸ್ ಇಬ್ಬರೇ.

ಆರೂವರೆ ನಿಮಿಷಕ್ಕೂ ಜಾಸ್ತಿ ಉದ್ದದ ಹಾಡು. ಶುರುವಿನಲ್ಲಿ ಮಾತೇ ಇಲ್ಲ, ಬರೀ ಡ್ರಮ್. ಎರಿಕ್ ಕನ್ನಡಿ ಮುಂದೆ ಕೂತು ಮುಖಕ್ಕೆ ಬಿಳಿ ಬಳಿದುಕೊಳ್ಳುವ ದೃಶ್ಯಕ್ಕೆ ಇದನ್ನು ಇಟ್ಟರು. ಸತ್ತವನೊಬ್ಬ ಎದ್ದು ಬಂದು ಮೇಕಪ್ ಮಾಡಿಕೊಳ್ಳುತ್ತಾನೆ ಅಂದರೆ ನಗು ಬರಬೇಕು. ಬರುವುದಿಲ್ಲ. ಆ ಡ್ರಮ್ ನಗಲು ಬಿಡುವುದಿಲ್ಲ.

ಇಷ್ಟು ಹೆಸರಾದ ಹಾಡನ್ನು ದ ಕ್ಯೂರ್ ವೇದಿಕೆ ಮೇಲೆ ಮೊದಲ ಸಲ ಹಾಡಿದ್ದು 2013ರಲ್ಲಿ! ಇಪ್ಪತ್ತು ವರ್ಷ ಅಭಿಮಾನಿಗಳನ್ನು ಕಾಯಿಸಿದ ಪುಣ್ಯಾತ್ಮರು.

ಗಾಂಧಿನಗರ ಗಿರಾಕಿ:

ಎಲ್ಲ ಸರಿ ಗುರು. ಆದರೆ ಸ್ವಲ್ಪ ನೆಲಕ್ಕೆ ಇಳಿಯೋಣ. 1994ರಲ್ಲಿ ಅಮೆರಿಕದಲ್ಲಿ ಆಲ್ಟರ್ನೇಟಿವ್ ರಾಕ್ ಅಂದರೆ ಬಿಸಿ ಸರಕು. ಹೆಸರಾದ ಬ್ಯಾಂಡ್‌ಗಳನ್ನೆಲ್ಲ ಒಂದೇ ಸಿಡಿಗೆ ತುಂಬಿದರೆ ಯಾವ ಸಿನಿಮಾದ ಹೆಸರು ಹಾಕಿದ್ದರೂ ಮಾರಾಟ ಆಗುತ್ತಿತ್ತು. ಇದಕ್ಕೆ ಎರಡು ವರ್ಷ ಮೊದಲು 'ಸಿಂಗಲ್ಸ್' ಅನ್ನುವ ಸಿನಿಮಾ ಸಿಯಾಟಲ್ ಬ್ಯಾಂಡ್‌ಗಳನ್ನು ಇಟ್ಟುಕೊಂಡು ಅದನ್ನೇ ಮಾಡಿತ್ತು. ಜೊತೆಗೆ ಸತ್ತ ಹೀರೋನ ಕೊನೆಯ ಸಿನಿಮಾ. 2.3 ಕೋಟಿ ಡಾಲರ್‌ನಲ್ಲಿ ತಯಾರಾಗಿ ಅಮೆರಿಕದಲ್ಲೇ 5 ಕೋಟಿ ದಾಟಿತು. ಇದು ವ್ಯಾಪಾರ. ವ್ಯಾಪಾರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಆದರೆ ಅದಕ್ಕೆ ಹೂವಿನ ಹಾರ ಹಾಕಬೇಡಿ.

ಇನ್ನೊಂದು. ಆಲ್ಬಮ್‌ನಲ್ಲಿರುವ ಎಷ್ಟೋ ಹಾಡು ಸಿನಿಮಾದಲ್ಲಿ ಸರಿಯಾಗಿ ಕೇಳಿಸುವುದೂ ಇಲ್ಲ. ಎಲ್ಲೋ ಹಿಂದೆ ರೇಡಿಯೋದಲ್ಲಿ ಗುಂಯ್ ಅನ್ನುತ್ತದೆ, ಅಷ್ಟೇ.

ಕಪ್ಪುಹಲಗೆ:

ಗಿರಾಕಿ ಅವರೇ, ವ್ಯಾಪಾರ ಇಲ್ಲ ಅಂದವರು ಯಾರು? ನಿರ್ಮಾಪಕರಾದ ಎಡ್ವರ್ಡ್ ಪ್ರೆಸ್‌ಮನ್, ಜೆಫ್ ಮೋಸ್ಟ್ ಇಬ್ಬರೂ ದೇವಸ್ಥಾನ ಕಟ್ಟಲು ಬಂದವರಲ್ಲ. ನಾನು ಕೇಳುತ್ತಿರುವುದು ಬೇರೆ. 'ಸಿಂಗಲ್ಸ್' ಹಾಡುಗಳನ್ನು ತೆಗೆದರೆ ಅಲ್ಲಿ ಒಂದು ಪ್ರೇಮಕಥೆ ಉಳಿಯುತ್ತದೆ. 'ಕ್ರೋ' ಹಾಡುಗಳನ್ನು ತೆಗೆದರೆ ಏನು ಉಳಿಯುತ್ತದೆ?

ಒಂದು ಬದಲಾವಣೆ ಗಮನಿಸಿ. ಕಾಮಿಕ್ಸ್‌ನಲ್ಲಿ ಎರಿಕ್‌ಗೆ ಮನೆತನದ ಹೆಸರೇ ಇಲ್ಲ. ಅವನು ಸಂಗೀತಗಾರನೂ ಅಲ್ಲ. ಚಿತ್ರಕಥೆ ಬರೆದ ಡೇವಿಡ್ ಶೋ, ಜಾನ್ ಶರ್ಲಿ ಕೈಯಲ್ಲಿ ಅವನು ಎರಿಕ್ ಡ್ರೇವನ್ ಆದ, 'ಹ್ಯಾಂಗ್‌ಮ್ಯಾನ್ಸ್ ಜೋಕ್' ಅನ್ನುವ ಬ್ಯಾಂಡಿನ ಗಿಟಾರ್ ವಾದಕ ಆದ. ಛಾವಣಿ ಮೇಲೆ ಒಬ್ಬನೇ ನಿಂತು ಗಿಟಾರ್ ನುಡಿಸಿ ಕೊನೆಗೆ ಒಡೆದುಹಾಕುವ ದೃಶ್ಯ ಪುಸ್ತಕದಿಂದ ಬಂದದ್ದಲ್ಲ. ಪುಸ್ತಕದ ಒಳಗಿದ್ದ ಸಂಗೀತವನ್ನು ಪಾತ್ರದ ಒಳಗೆ ಹಾಕಿದರು. ಇದನ್ನು ಮಾರ್ಕೆಟಿಂಗ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪುಸ್ತಕದ ಲೇಖಕರನ್ನು ಮೊದಮೊದಲು ಸಂಪರ್ಕಿಸಿದ ಸ್ಟುಡಿಯೋದವರು ಇದನ್ನು ಮೈಕಲ್ ಜಾಕ್ಸನ್ ಇಟ್ಟುಕೊಂಡು ಹಾಡು ಕುಣಿತದ ಸಿನಿಮಾ ಮಾಡುವ ಯೋಚನೆ ಹೇಳಿದ್ದರಂತೆ. ಓಬಾರ್ ತಮಾಷೆ ಅಂದುಕೊಂಡು ನಕ್ಕರಂತೆ. ಅವರೇ ಹೇಳಿಕೊಂಡ ಮಾತು. ಬರೀ ವ್ಯಾಪಾರ ಅಂದರೆ ಅದು!

ಎಡಿಟಿಂಗ್ ಟೇಬಲ್:

ನಾನು ವಿಎಫ್‌ಎಕ್ಸ್, ಅಂದರೆ ಸಿನಿಮಾದ ದೃಶ್ಯ ಚಮತ್ಕಾರಗಳ ಕೆಲಸದವನು. ಹಾಡಿನ ಜಗಳ ನಿಮಗೆ ಬಿಟ್ಟೆ. ತಯಾರಿಕೆ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ಕಥೆ ಡೆಟ್ರಾಯಿಟ್‌ನದು, ಆದರೆ ಶೂಟಿಂಗ್ ನಡೆದದ್ದು ಅಲ್ಲಿ ಅಲ್ಲ. ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ. ಶುರುವಾದದ್ದು 1993ರ ಫೆಬ್ರವರಿ 1ಕ್ಕೆ. ಬ್ರಾಂಡನ್ ಲೀಗೆ ಅವತ್ತೇ 28 ತುಂಬಿತ್ತು. ಮೊದಲ ದಿನವೇ ಅವಘಡ. ಒಬ್ಬ ಬಡಗಿ ಇದ್ದ ಕ್ರೇನ್ ಕರೆಂಟ್ ತಂತಿಗೆ ತಗುಲಿ ಅವರಿಗೆ ಮೈಯೆಲ್ಲ ಸುಟ್ಟಗಾಯ ಆಯಿತು. ಮಾರ್ಚ್ ಮಧ್ಯದಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಬಂದ ದೊಡ್ಡ ಬಿರುಗಾಳಿ ಸೆಟ್‌ಗಳನ್ನು ಕೆಡವಿತು. ಹೆಚ್ಚೂಕಡಿಮೆ ಎಲ್ಲ ದೃಶ್ಯ ರಾತ್ರಿಯದು, ಮಳೆಯದು. ಚಳಿಗಾಲದಲ್ಲಿ ಕೃತಕ ಮಳೆ ಕೆಳಗೆ ರಾತ್ರಿಯಿಡೀ ನೆನೆಯುತ್ತಾ ಕೆಲಸ. ಬ್ರಾಂಡನ್‌ಗೆ ಕೆಲವು ದೃಶ್ಯಗಳಲ್ಲಿ ಕಾಲಿಗೆ ಚಪ್ಪಲಿಯೂ ಇಲ್ಲ, ಮೈಗೆ ಸರಿಯಾದ ಬಟ್ಟೆಯೂ ಇಲ್ಲ.

ನಿರ್ದೇಶಕ ಅಲೆಕ್ಸ್ ಪ್ರೋಯಾಸ್ ಆಸ್ಟ್ರೇಲಿಯಾದವರು. ಜಾಹೀರಾತು, ಮ್ಯೂಸಿಕ್ ವಿಡಿಯೋ ಮಾಡಿ ಬಂದವರು. ಕ್ರೌಡೆಡ್ ಹೌಸ್ ಬ್ಯಾಂಡಿನ 'ಡೋಂಟ್ ಡ್ರೀಮ್ ಇಟ್ಸ್ ಓವರ್' ವಿಡಿಯೋ ಅವರದೇ. ಛಾಯಾಗ್ರಾಹಕ ಡಾರಿಯುಷ್ ವೋಲ್ಸ್ಕಿ, ಅವರೂ ಮ್ಯೂಸಿಕ್ ವಿಡಿಯೋ ಕಡೆಯಿಂದಲೇ. ಸೆಟ್ ವಿನ್ಯಾಸ ಮಾಡಿದ ಅಲೆಕ್ಸ್ ಮೆಕ್‌ಡೊವೆಲ್ ಲಂಡನ್‌ನಲ್ಲಿ ಪಂಕ್ ಬ್ಯಾಂಡ್‌ಗಳ ರೆಕಾರ್ಡ್ ಕವರ್ ಮಾಡುತ್ತಿದ್ದವರು. ಮೂವರೂ ಹಾಡಿನ ಲೋಕದವರೇ. ಕಪ್ಪುಹಲಗೆ ಅವರ ವಾದಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು.

ಪ್ರೋಯಾಸ್‌ಗೆ ಪೂರ್ತಿ ಕಪ್ಪು ಬಿಳುಪಿನಲ್ಲೇ ತೆಗೆಯುವ ಆಸೆ ಇತ್ತು. ಹಣ ಹಾಕುವವರು ಒಪ್ಪಬೇಕಲ್ಲ! ಅದಕ್ಕೆ ಬಣ್ಣದ ಫಿಲ್ಮ್‌ನಲ್ಲೇ ಬಣ್ಣ ಹಿಂಡಿ ತೆಗೆದ ಹಾಗೆ ಮಾಡಿದರು. ಕಪ್ಪು, ಬೂದಿ, ನಡುವೆ ಕೆಂಪು. ಎರಿಕ್‌ಗೆ ಹಳೆಯದು ನೆನಪಾದಾಗ ಮಾತ್ರ ಬೆಚ್ಚಗಿನ ಬಣ್ಣಗಳು ಬರುತ್ತವೆ. ಮೇಲಿಂದ ಕಾಗೆ ಹಾರುತ್ತಾ ನೋಡುವ ಊರು ಪುಟ್ಟ ಮಾದರಿಗಳಿಂದ ಕಟ್ಟಿದ್ದು.

ಈಗ ಬ್ರಾಂಡನ್‌ಗೆ ಗುಂಡು ಬಿದ್ದ ಆ ರಾತ್ರಿ. ಇದರ ಬಗ್ಗೆ ಏನೇನೋ ಕಥೆಗಳಿವೆ, ಆದರೆ ನಡೆದದ್ದು ಸರಳ, ಅದಕ್ಕೇ ಜಾಸ್ತಿ ಸಿಟ್ಟು ಬರುತ್ತದೆ. ರಿವಾಲ್ವರ್ ಹತ್ತಿರದಿಂದ ತೋರಿಸುವಾಗ ಒಳಗೆ ಗುಂಡು ಕಾಣಬೇಕು. ಅದಕ್ಕೆ ಡಮ್ಮಿ ಗುಂಡು ಬಳಸುತ್ತಾರೆ. ಇವರ ಹತ್ತಿರ ಸರಿಯಾದ ಡಮ್ಮಿ ಇರಲಿಲ್ಲ. ನಿಜವಾದ ಗುಂಡನ್ನೇ ಬಿಚ್ಚಿ, ಮದ್ದು ಚೆಲ್ಲಿ, ಸೀಸದ ತಲೆಯನ್ನು ಮತ್ತೆ ಕೂರಿಸಿದರು. ಮದ್ದಿಗೆ ಕಿಡಿ ಹಚ್ಚುವ ಹಿಂಬದಿಯ ಪ್ರೈಮರ್ ತೆಗೆಯಲಿಲ್ಲ. ಕುದುರೆ ಎಳೆದಾಗ ಆ ಪ್ರೈಮರ್ ಸಿಡಿದು ಸೀಸದ ತಲೆಯನ್ನು ನಳಿಕೆಯೊಳಗೆ ತಳ್ಳಿತು. ಅದು ಅಲ್ಲೇ ಸಿಕ್ಕಿಹಾಕಿಕೊಂಡಿತು. ಯಾರೂ ನಳಿಕೆ ನೋಡಲಿಲ್ಲ. ಆಮೇಲೆ ಅದೇ .44 ಮ್ಯಾಗ್ನಮ್‌ಗೆ ಬ್ಲ್ಯಾಂಕ್ ಹಾಕಿದರು. ಬ್ಲ್ಯಾಂಕ್‌ನಲ್ಲಿ ಗುಂಡಿನ ತಲೆ ಇರುವುದಿಲ್ಲ, ಮದ್ದು ಮಾತ್ರ ಇರುತ್ತದೆ. ಆ ಮದ್ದು ಸಿಕ್ಕಿಕೊಂಡಿದ್ದ ತಲೆಯನ್ನು ಹೊರಗೆ ಎಸೆಯಿತು. ಎರಡು ಅರೆಬರೆ ವಸ್ತು ಸೇರಿ ಒಂದು ಪೂರ್ತಿ ಗುಂಡಾಯಿತು.

ಎರಿಕ್ ದಿನಸಿ ಚೀಲ ಹಿಡಿದು ಮನೆಯೊಳಗೆ ಬರುವ ದೃಶ್ಯ ಅದು. ಗುಂಡು ಹೊಟ್ಟೆಗೆ ಬಿತ್ತು. 1993ರ ಮಾರ್ಚ್ 31ರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಬ್ರಾಂಡನ್ ತೀರಿಕೊಂಡರು. ಏಪ್ರಿಲ್ 17ಕ್ಕೆ ಮದುವೆ ಇತ್ತು. ಗುಂಡು ಹಾರಿಸುವ ಪಾತ್ರ ಮಾಡಿದ್ದ ಮೈಕಲ್ ಮಾಸೀ ಒಂದು ವರ್ಷ ನಟನೆಯನ್ನೇ ಬಿಟ್ಟರು. 2016ರಲ್ಲಿ ಅವರೂ ಹೋದರು. ಕ್ರಿಮಿನಲ್ ಮೊಕದ್ದಮೆ ಯಾರ ಮೇಲೂ ಆಗಲಿಲ್ಲ. ಕಾರ್ಮಿಕ ಸುರಕ್ಷತೆ ಇಲಾಖೆ 84,000 ಡಾಲರ್ ದಂಡ ಹಾಕಿ ಆಮೇಲೆ 55,000ಕ್ಕೆ ಇಳಿಸಿತು.

ಹೊಸನಗರ ಹುಡುಗ:

ಅಪ್ಪ ಬ್ರೂಸ್ ಲೀ 32ಕ್ಕೆ ಹೋದರು, ಮಗ 28ಕ್ಕೆ. ಅಪ್ಪನ 'ಗೇಮ್ ಆಫ್ ಡೆತ್' ಸಿನಿಮಾದಲ್ಲೂ ಶೂಟಿಂಗ್‌ನಲ್ಲಿ ನಟನೊಬ್ಬನಿಗೆ ನಿಜವಾದ ಗುಂಡು ಬೀಳುವ ದೃಶ್ಯ ಇದೆ. ಕುಟುಂಬಕ್ಕೆ ಶಾಪ ಇತ್ತು ಅನ್ನುತ್ತಾರೆ. ಸುಮ್ನೆ ಹಾಗೆಯೇ ಹೊಂದಿಕೆ ಆಗುತ್ತಾ?

ಎಡಿಟಿಂಗ್ ಟೇಬಲ್:

ತಮ್ಮಾ, ನಳಿಕೆಯೊಳಗೆ ಒಂದು ಸಲ ಟಾರ್ಚ್ ಬಿಟ್ಟು ನೋಡಿದ್ದರೆ ಶಾಪ ಅಲ್ಲೇ ಕಾಣುತ್ತಿತ್ತು. ಬಂದೂಕಿನ ತಜ್ಞರು ಆ ರಾತ್ರಿ ಸೆಟ್‌ನಲ್ಲಿ ಇರಲಿಲ್ಲ. ಶಾಪ ಅಂದರೆ ತಪ್ಪಿತಸ್ಥರಿಗೆಲ್ಲ ಆರಾಮ.

ತುಂಗಾತೀರ:

ಇದೇ ಮಾತು ನಾನೂ ಬರೆಯಬೇಕು ಅಂತಿದ್ದೆ. 2021ರಲ್ಲಿ 'ರಸ್ಟ್' ಸಿನಿಮಾದ ಸೆಟ್‌ನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಹೋದರು. 28 ವರ್ಷ ಕಳೆದಿತ್ತು, ಪಾಠ ಕಲಿಯಲಿಲ್ಲ. ನಮ್ಮಲ್ಲಿ 2016ರಲ್ಲಿ 'ಮಾಸ್ತಿಗುಡಿ' ಶೂಟಿಂಗ್‌ಗೆ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರ್‌ನಿಂದ ಜಿಗಿದ ಅನಿಲ್, ಉದಯ್ ಇಬ್ಬರೂ ಮೇಲೆ ಬರಲೇ ಇಲ್ಲ. ಆಗಲೂ ಎಷ್ಟೋ ಜನ "ವಿಧಿ" ಅಂದರು. ಲೈಫ್ ಜಾಕೆಟ್ ಹಾಕಿಸಿದ್ದರೆ ವಿಧಿ ಏನು ಮಾಡುತ್ತಿತ್ತೋ ನೋಡಬಹುದಿತ್ತು.

ನಿರ್ವಾಹಕ:

ದಯವಿಟ್ಟು ಶಾಪದ ಚರ್ಚೆ ಇಲ್ಲಿಗೆ ಸಾಕು. ಸಿನಿಮಾ, ಹಾಡುಗಳ ಕಡೆ ಬನ್ನಿ.

ಅಡಿಕೆಪತ್ರಿಕೆ:

ಒಂದು ಪ್ರಶ್ನೆ. ಹೀರೋ ಹೋದಮೇಲೆ ಸಿನಿಮಾ ಮುಗಿಸಿದ್ದು ಹೇಗೆ? ನಮ್ಮ 'ಜೇಮ್ಸ್' ಸಿನಿಮಾದಲ್ಲಿ ಅಪ್ಪು ಭಾಗದ ಚಿತ್ರೀಕರಣ ಹೆಚ್ಚೂಕಡಿಮೆ ಮುಗಿದಿತ್ತು, ಧ್ವನಿಯನ್ನು ಶಿವಣ್ಣ ಕೊಟ್ಟರು. ಇಲ್ಲಿ ದೃಶ್ಯಗಳೇ ಬಾಕಿ ಇದ್ದವಲ್ಲ?

ಎಡಿಟಿಂಗ್ ಟೇಬಲ್:

ಒಳ್ಳೆಯ ಪ್ರಶ್ನೆ. ಶೂಟಿಂಗ್ ಮುಗಿಯಲು ಸುಮಾರು ಒಂದು ವಾರದ ಕೆಲಸ ಇತ್ತು. ಬ್ರಾಂಡನ್‌ನ ದೊಡ್ಡ ಭಾಗ ಎಲ್ಲ ಆಗಿತ್ತು. ಉಳಿದದ್ದು ಮುಖ್ಯವಾಗಿ ಆ ಮನೆಯ ದೃಶ್ಯಗಳು: ಸಾಯುವುದು, ಸತ್ತು ವಾಪಸ್ ಬಂದು ಮನೆ ನೋಡುವುದು. ಕಥೆಯ ಬುಡವೇ ಅದು.

ಹಂಚಿಕೆ ಮಾಡಬೇಕಿದ್ದ ಪ್ಯಾರಾಮೌಂಟ್ ಹಿಂದೆ ಸರಿಯಿತು. ಮಿರಾಮ್ಯಾಕ್ಸ್ ಬಂದು ದುಡ್ಡು ಹಾಕಿತು. ಬ್ರಾಂಡನ್‌ನ ಕುಟುಂಬದವರು, ಮದುವೆಯಾಗಬೇಕಿದ್ದ ಎಲೈಜಾ ಹಟನ್ ಮುಗಿಸಿ ಅಂದಮೇಲೆ ಪ್ರೋಯಾಸ್ ವಾಪಸ್ ಬಂದರು. ಡ್ಯೂಪ್ ಆಗಿ ನಿಂತವರಲ್ಲಿ ಮುಖ್ಯರು ಚಾಡ್ ಸ್ಟಾಹೆಲ್ಸ್ಕಿ. ಬ್ರಾಂಡನ್ ಜೊತೆ ಒಂದೇ ಕಡೆ ತಾಲೀಮು ಮಾಡಿದ್ದವರು, ನಡಿಗೆ, ಮೈಯ ವರಸೆ ಗೊತ್ತಿತ್ತು. 'ಜಾನ್ ವಿಕ್' ನಿರ್ದೇಶಕ ಅಂದರೆ ಗೊತ್ತಾಗುತ್ತೆ ಅಲ್ವಾ? ಅವರೇ.

ಮುಖದ ಕೆಲಸವನ್ನು ಡ್ರೀಮ್ ಕ್ವೆಸ್ಟ್ ಇಮೇಜಸ್ ಅನ್ನುವ ವಿಎಫ್‌ಎಕ್ಸ್ ಕಂಪನಿ ಮಾಡಿತು. ಓಣಿಯಲ್ಲಿ ಮಳೆಗೆ ನೆನೆಯುತ್ತಾ ನಡೆಯುತ್ತಿದ್ದ ಬ್ರಾಂಡನ್‌ನ ಒಂದು ಶಾಟ್ ಇತ್ತು. ಅದರಿಂದ ಅವರನ್ನು ಕತ್ತರಿಸಿ ತೆಗೆದು ಮನೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಮೈಮೇಲೆ ಮಳೆ ಬೀಳುತ್ತಿದೆ, ಆದರೆ ಮನೆಯೊಳಗೆ ಮಳೆ ಎಲ್ಲಿಂದ? ಅದಕ್ಕೆ ಬಾಗಿಲ ಚೌಕಟ್ಟಿನಿಂದ ನೀರು ತೊಟ್ಟಿಕ್ಕುವ ಹಾಗೆ ಮಾಡಿಬಿಟ್ಟರು. ಈ ಕೆಲಸದಲ್ಲಿ ಇರುವವರಿಗೆ ಇದು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಇನ್ನೊಂದು ಕಡೆ ಒಡೆದ ಕನ್ನಡಿಯಲ್ಲಿ ಮುಖ ಕಾಣುತ್ತದೆ. ಮೈ ಡ್ಯೂಪ್‌ದು, ಮುಖ ಬ್ರಾಂಡನ್‌ದು. ಕನ್ನಡಿ ಒಡೆದಿರುವುದರಿಂದ ಹೊಲಿಗೆ ಕಾಣಿಸುವುದಿಲ್ಲ.

ಮುಖ ಬದಲಿಸುವುದು ಆಗ ಪೂರ್ತಿ ಹೊಸತೇನೂ ಅಲ್ಲ. 'ಜುರಾಸಿಕ್ ಪಾರ್ಕ್'ನಲ್ಲಿ ಒಂದು ಶಾಟ್‌ಗೆ ಮಾಡಿದ್ದರು. ಆದರೆ ಬದುಕಿಲ್ಲದ ನಾಯಕನನ್ನು ಕಥೆಯ ನಡುವೆ ನಿಲ್ಲಿಸುವುದು ಬೇರೆ ಮಾತು. ಹೀಗೆ ಸೇರಿಸಿದ್ದು ಕೆಲವೇ ಶಾಟ್. ಉಳಿದದ್ದನ್ನು ನೆರಳು, ಬೆನ್ನು, ಕೈಗಳಲ್ಲಿ ದಾಟಿಸಿದರು. ಮೈಕಲ್ ಬೆರಿಮನ್ ಮಾಡಿದ್ದ 'ಸ್ಕಲ್ ಕೌಬಾಯ್' ಅನ್ನುವ ಪಾತ್ರವನ್ನೇ ಕಿತ್ತು ಹಾಕಿದರು. ಅವನು ಹೇಳಬೇಕಿದ್ದ ವಿವರಣೆ ಈಗ ಸಾರಾ ಅನ್ನುವ ಹುಡುಗಿಯ ಹಿನ್ನೆಲೆ ಮಾತಾಗಿ ಬರುತ್ತದೆ. ನನ್ನ ಪ್ರಕಾರ ಸಿನಿಮಾಕ್ಕೆ ಅದರಿಂದ ಒಳ್ಳೆಯದೇ ಆಯಿತು.

ಗಾಂಧಿನಗರ ಗಿರಾಕಿ:

ಈ ವಿವರ ಚೆನ್ನಾಗಿದೆ. ಆದರೆ ಇದರಿಂದ ನನ್ನ ಮಾತೇ ಗಟ್ಟಿಯಾಯಿತು. ನೀವೆಲ್ಲ ಆ ಸಿನಿಮಾ ನೋಡುವುದು ಸಾವನ್ನು ಹುಡುಕಿಕೊಂಡೇ. "ಇದು ಡ್ಯೂಪ್, ಇದು ಅಸಲಿ" ಅಂತ. ಎರಡನೇ ಸಲ ನೋಡುವಾಗ ಕಥೆ ನೋಡುವವರು ಯಾರಿದ್ದಾರೆ?

ಸೌಂಡ್‌ಚೆಕ್:

ನಾನಿದ್ದೇನೆ! ಮೊದಲು ಹಾಡು ಕೇಳಿದವನು, ಆಮೇಲೆ ಸಿನಿಮಾ ನೋಡಿದವನು. ಪಿರೇಟೆಡ್ ಕ್ಯಾಸೆಟ್‌ನಲ್ಲಿ. ಕವರ್ ಮೇಲೆ ಹಾಡಿನ ಹೆಸರು ಅರ್ಧ ತಪ್ಪು. ಬ್ರಾಂಡನ್ ಲೀ ಯಾರು ಅಂತಲೂ ನನಗೆ ಗೊತ್ತಿರಲಿಲ್ಲ.

ಆದರೆ ಸಾವು ಹಾಡುಗಳನ್ನೂ ಮುಟ್ಟಿದೆ, ಅದನ್ನು ಒಪ್ಪುತ್ತೇನೆ. ಸ್ಟೋನ್ ಟೆಂಪಲ್ ಪೈಲಟ್ಸ್ ಮೊದಲು ಕೊಡಬೇಕಿದ್ದ ಹಾಡಿನ ಹೆಸರು 'ಓನ್ಲಿ ಡೈಯಿಂಗ್'. ಮಾರ್ಚ್ 31ರ ನಂತರ ಆ ಹೆಸರಿನ ಹಾಡು ಯಾರು ಹಾಕುತ್ತಾರೆ? ತೆಗೆದು 'ಬಿಗ್ ಎಂಪ್ಟಿ' ಕೊಟ್ಟರು. ಅದನ್ನು ಅವರು 1993ರ ನವೆಂಬರ್‌ನಲ್ಲಿ ಎಂಟಿವಿ ಅನ್‌ಪ್ಲಗ್ಡ್ ಅನ್ನುವ ಟಿವಿ ಕಾರ್ಯಕ್ರಮದಲ್ಲಿ ಹಾಡಿಬಿಟ್ಟಿದ್ದರು. ಮರುವರ್ಷ ಆ ಬ್ಯಾಂಡಿನ ಅತಿ ದೊಡ್ಡ ಹಾಡುಗಳಲ್ಲಿ ಒಂದಾಯಿತು.

ಆಲ್ಬಮ್‌ನಲ್ಲಿ ನನಗೆ ಜಾಸ್ತಿ ಇಷ್ಟ ಆಗುವುದು ಬೇರೆಯವರ ಹಾಡನ್ನು ತಮ್ಮದು ಮಾಡಿಕೊಂಡವು. ಜಾಯ್ ಡಿವಿಷನ್‌ನ 'ಡೆಡ್ ಸೋಲ್ಸ್' ಹಾಡನ್ನು ನೈನ್ ಇಂಚ್ ನೇಲ್ಸ್ ಮಾಡಿದೆ. ಎರಿಕ್ ಛಾವಣಿಯಿಂದ ಛಾವಣಿಗೆ ಹಾರುತ್ತಾ ಕಾಗೆ ಹಿಂದೆ ಓಡುವಾಗ ಬರುತ್ತದೆ. ಪುಸ್ತಕಕ್ಕೆ ಉಸಿರು ಕೊಟ್ಟ ಬ್ಯಾಂಡ್ ಹೀಗೆ ಸುತ್ತಿ ಬಳಸಿ ಸಿನಿಮಾದೊಳಗೂ ಬಂತು. ಪಂತೇರಾ ಮಾಡಿದ 'ದ ಬ್ಯಾಡ್ಜ್' ಮೂಲದಲ್ಲಿ ಪಾಯ್ಸನ್ ಐಡಿಯಾ ಅನ್ನುವ ಪಂಕ್ ಬ್ಯಾಂಡಿನದು. ರೋಲಿನ್ಸ್ ಬ್ಯಾಂಡ್ ಹಾಡಿದ 'ಘೋಸ್ಟ್ ರೈಡರ್' ನ್ಯೂಯಾರ್ಕ್‌ನ 'ಸೂಯಿಸೈಡ್' ಅನ್ನುವ ಇಬ್ಬರ ಬ್ಯಾಂಡಿನದು. ಅದು ಬರೆದದ್ದೇ ಮಾರ್ವೆಲ್‌ನ ಆ ಬೈಕ್ ಸವಾರನ ಕಾಮಿಕ್ಸ್ ಓದಿ. ಕಾಮಿಕ್ಸ್‌ನಿಂದ ಹಾಡು, ಆ ಹಾಡು ಇನ್ನೊಂದು ಕಾಮಿಕ್ಸ್‌ನ ಸಿನಿಮಾಕ್ಕೆ.

ರೇಜ್ ಅಗೇನ್‌ಸ್ಟ್ ದ ಮಷೀನ್‌ನ 'ಡಾರ್ಕ್‌ನೆಸ್' ಅವರದೇ ಹಳೆಯ ಡೆಮೋ ಹಾಡು, ಮತ್ತೆ ರೆಕಾರ್ಡ್ ಮಾಡಿದ್ದು. ವಯಲೆಂಟ್ ಫೆಮ್ಸ್ ಹಾಡು ಬಂದರೆ ನಾನು ಮುಂದಕ್ಕೆ ಓಡಿಸುತ್ತೇನೆ, ಕ್ಷಮಿಸಿ.

ಅಡಿಕೆಪತ್ರಿಕೆ:

ಫೆಮ್ಸ್ ಬಗ್ಗೆ ಮಾತಾಡಿದರೆ ಜಗಳ ಆಗುತ್ತದೆ ಸೌಂಡ್‌ಚೆಕ್. ನನಗೆ ಅದೇ ಇಷ್ಟ.

ಮಿಶಿಗನ್ ಮಾವ:

ನಾನು ಡೆಟ್ರಾಯಿಟ್ ಹತ್ತಿರವೇ ಇರುವುದು, ವಾಹನ ಕಂಪನಿ ಕೆಲಸ. ಸಿನಿಮಾದಲ್ಲಿ ಬರುವ 'ಡೆವಿಲ್ಸ್ ನೈಟ್' ಯಾರೋ ಕಲ್ಪಿಸಿದ್ದು ಅಂತ ಇಲ್ಲಿ ಎಷ್ಟೋ ಜನ ಅಂದುಕೊಂಡಿರಬಹುದು. ನಿಜವಾದದ್ದು. ಅಕ್ಟೋಬರ್ 30ರ ರಾತ್ರಿ, ಹ್ಯಾಲೋವೀನ್ ಹಿಂದಿನ ದಿನ. ಮೊದಲು ಹುಡುಗರ ತರಲೆ ಆಗಿತ್ತು, ಬಾಗಿಲು ತಟ್ಟಿ ಓಡುವುದು, ಮೊಟ್ಟೆ ಎಸೆಯುವುದು. ಎಪ್ಪತ್ತರ ದಶಕದಿಂದ ಬೆಂಕಿ ಹಚ್ಚುವುದಕ್ಕೆ ತಿರುಗಿತು. ಕಾರ್ಖಾನೆಗಳು ಮುಚ್ಚಿ, ಜನ ಊರು ಬಿಟ್ಟು, ಸಾವಿರಾರು ಮನೆ ಖಾಲಿ ಬಿದ್ದಿದ್ದವು. 1984ರಲ್ಲಿ ಆ ಒಂದು ಹಬ್ಬದ ಸುತ್ತಮುತ್ತ 800ಕ್ಕೂ ಜಾಸ್ತಿ ಬೆಂಕಿ ಬಿದ್ದವು. ಸಿನಿಮಾ ಬಂದ ಮರುವರ್ಷ, 1995ರಲ್ಲಿ, ಮೇಯರ್ ಡೆನ್ನಿಸ್ ಆರ್ಚರ್ ಅದನ್ನು 'ಏಂಜಲ್ಸ್ ನೈಟ್' ಮಾಡಿದರು. ಸಾವಿರಾರು ಸ್ವಯಂಸೇವಕರು ರಾತ್ರಿ ಗಸ್ತು ತಿರುಗಿದರು.

ನನ್ನ ಜೊತೆ ಕೆಲಸ ಮಾಡುವ ಇಲ್ಲಿನ ಹಳಬರಿಗೆ ಈ ಸಿನಿಮಾ ಅಷ್ಟೇನೂ ಇಷ್ಟ ಇಲ್ಲ. "ನಮ್ಮೂರು ಉರಿದದ್ದನ್ನು ಬೇರೆಲ್ಲೋ ಸೆಟ್ ಹಾಕಿ ಚೆಂದ ಮಾಡಿ ತೋರಿಸಿದರು" ಅನ್ನುತ್ತಾರೆ. ಆ ಮಾತಿನಲ್ಲಿ ನ್ಯಾಯ ಇದೆ.

ಕಪ್ಪುಹಲಗೆ:

ಮಾವ, ಇದು ಒಳ್ಳೆಯ ಏಟು. ಸಿನಿಮಾದಲ್ಲಿ ಬೆಂಕಿ ಹಚ್ಚುವವರು ಬರೀ ಕೇಡಿಗಳು. ಮನೆಗಳು ಯಾಕೆ ಖಾಲಿ ಇದ್ದವು ಅಂತ ಅದು ಕೇಳುವುದಿಲ್ಲ.

ತುಂಗಾತೀರ:

ಎಲ್ಲರೂ ರಾಕ್ ಹಾಡುಗಳ ಹಿಂದೆಯೇ ಓಡುತ್ತಿದ್ದೀರಿ. ಹಿನ್ನೆಲೆ ಸಂಗೀತ ಯಾರದು ಅಂತ ಒಬ್ಬರೂ ಹೆಸರು ಎತ್ತಲಿಲ್ಲ! ಗ್ರೇಮ್ ರೆವೆಲ್. ನ್ಯೂಜಿಲೆಂಡ್‌ನವರು. ಸಿಡ್ನಿಯಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಅಲ್ಲೇ ಎಸ್‌ಪಿಕೆ ಅನ್ನುವ ಇಂಡಸ್ಟ್ರಿಯಲ್ ಗುಂಪು ಕಟ್ಟಿದವರು. ಲೋಹ ಬಡಿದು, ಯಂತ್ರದ ಸದ್ದು ಹಾಕಿ ಸಂಗೀತ ಮಾಡುತ್ತಿದ್ದ ಗುಂಪು ಅದು. ಅಂಥವರು ಈ ಸಿನಿಮಾಕ್ಕೆ ಗಾಯಕಿಯರ ಧ್ವನಿ, ನಿಧಾನದ ತಂತಿವಾದ್ಯ ಎಲ್ಲ ಬಳಸಿದ್ದಾರೆ. ಅದರ ಆಲ್ಬಮ್ ಬೇರೆಯೇ ಬಂತು, ವಾರೇಸ್ ಸರಬಾಂದ್ ಕಂಪನಿಯಿಂದ. ಮೊದಲನೆಯದು ಮೊದಲ ಸ್ಥಾನಕ್ಕೆ ಹೋದ ಗಲಾಟೆಯಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಯಾವ ಹಾಡು ಎಲ್ಲಿ ಬರುತ್ತದೆ ಅಂತ ಗಮನಿಸಿ. ರಾಕ್ ಹಾಡು ಬರುವುದು ಎರಿಕ್ ಸಿಟ್ಟಿನಲ್ಲಿದ್ದಾಗ, ಓಡುವಾಗ, ಹೊಡೆಯುವಾಗ. ಶೆಲ್ಲಿ ನೆನಪಾದಾಗ ಗಿಟಾರ್ ನಿಲ್ಲುತ್ತದೆ, ರೆವೆಲ್ ಶುರುವಾಗುತ್ತಾರೆ. ಎರಡೂ ಸೇರುವುದು ಕೊನೆಯಲ್ಲಿ. 'ಇಟ್ ಕಾಂಟ್ ರೇನ್ ಆಲ್ ದ ಟೈಮ್' ರೆವೆಲ್ ಮತ್ತು ಕೆನಡಾದ ಜೇನ್ ಸಿಬೆರಿ ಸೇರಿ ಬರೆದದ್ದು. ಕಥೆಯಲ್ಲಿ ಅದು ಎರಿಕ್ ಬರೆದ ಹಾಡಿನ ಸಾಲು. ಸಾರಾಗೆ ಅವನು ಯಾರು ಅಂತ ಗೊತ್ತಾಗುವುದೇ ಆ ಸಾಲಿನಿಂದ. ಅದೇ ಸಾಲು ಕೊನೆಗೆ ಹೆಸರುಗಳು ಓಡುವಾಗ ಹೆಣ್ಣು ಧ್ವನಿಯಲ್ಲಿ ಪೂರ್ತಿ ಹಾಡಾಗಿ ಬರುತ್ತದೆ. ಗಿರಾಕಿ ಅವರೇ, ಬರೀ ಸಿಡಿ ಮಾರುವುದೇ ಗುರಿ ಆಗಿದ್ದರೆ ಕೊನೆಗೆ ಕ್ಯೂರನ್ನೋ ಪೈಲಟ್ಸನ್ನೋ ಹಾಕುತ್ತಿದ್ದರು. ಸಿಬೆರಿ ಹೆಸರಿಗೆ ಎಷ್ಟು ಸಿಡಿ ಹೋಗುತ್ತಿತ್ತು?

ಗಾಂಧಿನಗರ ಗಿರಾಕಿ:

ಸರಿ ತಾಯಿ, ಇದೊಂದು ಪಾಯಿಂಟ್ ನಿಮಗೆ. ಆದರೆ ಕ್ಲಬ್ ದೃಶ್ಯ ನೋಡಿ. ಮೈ ಲೈಫ್ ವಿತ್ ದ ಥ್ರಿಲ್ ಕಿಲ್ ಕಲ್ಟ್ ಬ್ಯಾಂಡ್ ತಾವೇ ವೇದಿಕೆ ಮೇಲೆ ನಿಂತು ನುಡಿಸುತ್ತಾರೆ. ಮೆಡಿಸಿನ್ ಬ್ಯಾಂಡ್ ಕೂಡ ತೆರೆ ಮೇಲೆ ಬರುತ್ತದೆ. ಇದು ಜಾಹೀರಾತು ಅಲ್ಲವಾ?

ಸೌಂಡ್‌ಚೆಕ್:

ಜಾಹೀರಾತು ಹಾಕುವವರು ಮೆಡಿಸಿನ್ ಬ್ಯಾಂಡ್ ಹಾಕುವುದಿಲ್ಲ ಗುರುವೇ. ಆ ಹೆಸರು ಆಗ ಎಷ್ಟು ಜನಕ್ಕೆ ಗೊತ್ತಿತ್ತು? ತಮಾಷೆ ಅಂದರೆ ಅವರ 'ಟೈಮ್ ಬೇಬಿ' ಸಿನಿಮಾದಲ್ಲಿ ಒಂದು ರೂಪ, ಆಲ್ಬಮ್‌ನಲ್ಲಿ ಇನ್ನೊಂದು. ಆಲ್ಬಮ್‌ದಕ್ಕೆ ಕಾಕ್ಟೋ ಟ್ವಿನ್ಸ್‌ನ ಎಲಿಜಬೆತ್ ಫ್ರೇಸರ್ ಧ್ವನಿ ಸೇರಿದೆ. ಹೆಡ್‌ಫೋನ್ ಹಾಕಿ ಕೇಳಿ. ಥ್ರಿಲ್ ಕಿಲ್ ಕಲ್ಟ್ ನುಡಿಸುತ್ತಿರುವ ಕ್ಲಬ್ಬಿನ ಮೇಲಿನ ಮಹಡಿಯಲ್ಲೇ ಆ ದೊಡ್ಡ ಗುಂಡಿನ ಕಾಳಗ ನಡೆಯುವುದು. ಹಾಡು ಕೆಳಗೆ, ಹೆಣ ಮೇಲೆ.

ಹೊಸನಗರ ಹುಡುಗ:

ನಾನು 2024ರದ್ದು ಮೊದಲು ನೋಡಿದೆ, ಬಿಲ್ ಸ್ಕಾರ್ಸ್‌ಗಾರ್ಡ್ ಮಾಡಿದ್ದು. ಆಮೇಲೆ ಈ ಹಳೆಯದು. ನಿಜ ಹೇಳಬೇಕಂದರೆ ಹೊಸದರಲ್ಲಿ ಪ್ರೇಮಕಥೆಗೆ ಜಾಗ ಜಾಸ್ತಿ ಕೊಟ್ಟಿದ್ದಾರೆ, ಒಪೆರಾ ಹೊಡೆದಾಟವೂ ಜೋರಾಗಿದೆ. ಆದರೂ ಒಂದು ಹಾಡೂ ನೆನಪಿಲ್ಲ.

ಕಪ್ಪುಹಲಗೆ:

ಹುಡುಗಾ, ನಾನು ಇಷ್ಟುದ್ದ ಬರೆದು ಹೇಳಿದ್ದನ್ನು ನೀನು ಒಂದೇ ಸಾಲಿನಲ್ಲಿ ಹೇಳಿದೆ.

1996ರ 'ಸಿಟಿ ಆಫ್ ಏಂಜಲ್ಸ್' ಭಾಗದ ಆಲ್ಬಮ್‌ನಲ್ಲೂ ಹೋಲ್, ಡೆಫ್‌ಟೋನ್ಸ್ ಎಲ್ಲ ಇದ್ದಾರೆ. ಆಲ್ಬಮ್ ಚೆನ್ನಾಗಿದೆ, ಸಿನಿಮಾ ಯಾರಿಗೂ ಬೇಡ. ಅದನ್ನು ನೋಡಿದರೆ ಗಿರಾಕಿ ಅವರ ಸೂತ್ರ, ಅಂದರೆ ಹೆಸರಾದ ಬ್ಯಾಂಡ್ ತುಂಬಿದರೆ ಸಾಕು ಅನ್ನುವುದು, ಸಿಡಿ ಮಾರುವುದಕ್ಕೆ ಮಾತ್ರ ಕೆಲಸ ಮಾಡುತ್ತದೆ.

ಗಾಂಧಿನಗರ ಗಿರಾಕಿ:

ಅಥವಾ ಅದರಲ್ಲಿ ಬ್ರಾಂಡನ್ ಲೀ ಇರಲಿಲ್ಲ ಅನ್ನುವುದೂ ಕಾರಣ ಇರಬಹುದು. ಸಾವಿನ ಮಾತು ಬಿಡಿ, ನಟನೆಯನ್ನೇ ಹೇಳುತ್ತಿದ್ದೇನೆ. ಮೈಯೆಲ್ಲ ಕಪ್ಪು ಹಾಕಿಕೊಂಡು, ಮುಖಕ್ಕೆ ಬಿಳಿ ಬಳಿದುಕೊಂಡು, ಆ ಪಾತ್ರವನ್ನು ನಗಿಸುತ್ತಾ ಮಾಡಿದ್ದಾನೆ. ಅಡವು ಅಂಗಡಿ ಗಿಡಿಯನ್ ಹತ್ತಿರ ಮಾತಾಡುವಾಗ, ಆಲ್ಬ್ರೆಕ್ಟ್ ಮನೆಯಲ್ಲಿ ಕೂತಾಗ ನೋಡಿ. ಆ ಹಗುರ ಮುಂದೆ ಬಂದ ಯಾರಿಗೂ ಸಿಕ್ಕಿಲ್ಲ. ಹಾಡು ಹಾಡು ಅಂತ ನೀವೂ ಅವನ ನಟನೆ ಬಗ್ಗೆ ಒಂದು ಸಾಲು ಬರೆದಿಲ್ಲ, ಸಾವಿನ ಬಗ್ಗೆ ಬರೆಯುವವರೂ ಬರೆಯುವುದಿಲ್ಲ.

ತುಂಗಾತೀರ:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಗಿಡಿಯನ್ ದೃಶ್ಯ ಈಗಲೇ ಮತ್ತೆ ನೋಡುತ್ತೇನೆ.

ಸೌಂಡ್‌ಚೆಕ್:

ನೋಡಿ, ಆದರೆ ಕಂಪ್ಯೂಟರ್ ಸ್ಪೀಕರ್‌ನಲ್ಲಿ ಬೇಡ. ಮತ್ತೆ ಅಡಿಕೆಪತ್ರಿಕೆ, ಫೆಮ್ಸ್ ಹಾಡು ಇನ್ನೊಂದು ಸಲ ಕೇಳಿದೆ. ಇಲ್ಲ ಮಾರಾಯ, ಈಗಲೂ ಆಗಲ್ಲ.